ಹಾಜರಿ ಪುಸ್ತಕಕ್ಕೆ ಕಾಣದ ಮಗು

ಬೇಸಿಗೆ ಬಂತೆಂದರೆ ಶ್ರೀನಿವಾಸಪುರದ ಮಾವು ಬೆಂಗಳೂರಿನ ಮನೆಮನೆಯನ್ನೂ ತಲುಪುತ್ತದೆ. ಆ ಮಾವು ಬರುವ ಸೀಮೆಯಲ್ಲಿ ರಾಯಲ್ಪಾಡು ಎಂಬ ಹೋಬಳಿಯೊಂದು ಉಂಟೆಂಬುದು ಮಾತ್ರ ಹಣ್ಣನ್ನು ಸವಿಯುವ ಎಷ್ಟೋ ಮಂದಿಗೆ ತಿಳಿಯದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಅಂಚಿನಲ್ಲಿ, ಆಂಧ್ರದ ಮದನಪಲ್ಲಿ ಸೀಮೆಗೆ ಹತ್ತಿರವಾಗಿ ಇರುವ ನಾಡು ಅದು. ಅಲ್ಲಿಯ ಮಗು ಮನೆಯಲ್ಲಿ ತೆಲುಗಿನಲ್ಲಿ ಅಳುತ್ತದೆ, ಶಾಲೆಯಲ್ಲಿ ಕನ್ನಡದಲ್ಲಿ ಪಾಠ ಒಪ್ಪಿಸುತ್ತದೆ. ಅಂಥ ಮಗುವಿಗೆ ಕಷ್ಟವೊದಗಿದರೆ ಅದನ್ನು ಯಾವ ಭಾಷೆಯಲ್ಲಿ, ಯಾರ ಮುಂದೆ ಹೇಳಿಕೊಳ್ಳಬೇಕು? ಹೇಳಿಕೊಂಡ ಮಾತು ಯಾವ ಕಚೇರಿಯಿಂದ ಯಾವ ಕಚೇರಿಗೆ ಹೋಗಬೇಕು? ಮೇಲುನೋಟಕ್ಕೆ ಇದು ಸರಕಾರದ ಕಡತಗಳ ವಿಚಾರ. ಒಳಹೊಕ್ಕು ನೋಡಿದರೆ ಒಂದು ಜೀವದ ವಿಚಾರ.

ಒಂದು ಕಲ್ಪಿತ ಸಂದರ್ಭವನ್ನು ತೆಗೆದುಕೊಳ್ಳಬಹುದು. ಏಳನೆಯ ತರಗತಿಯ ಹುಡುಗಿ. ತಾಯಿಯಿಲ್ಲದವಳು, ಬಂಧುಗಳ ಮನೆಯಲ್ಲಿ ಬೆಳೆಯುತ್ತಿರುವವಳು. ಅವಳು ವಾರಕ್ಕೆರಡು ದಿನ ತಪ್ಪಿಸಿಕೊಳ್ಳುತ್ತಾಳೆ, ಬಂದ ದಿನ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಾಳೆ ಎಂಬುದು ಮೇಷ್ಟರಿಗೆ ಗೊತ್ತು. ಅವಳ ಮುಂಗೈಯ ಮೇಲೆ ಸುಟ್ಟ ಗಾಯವನ್ನು ಆಶಾ ಕಾರ್ಯಕರ್ತೆ ಕಂಡಿದ್ದಾಳೆ. ಒಲೆಯ ಕಿಡಿ ಹಾರಿತೆಂದು ಮನೆಯವರು ಹೇಳಿದ್ದನ್ನು ನಂಬಿದ್ದಾಳೆ. ರಾತ್ರಿ ಒಂಬತ್ತು ಗಂಟೆಗೆ ಆ ಮಗುವನ್ನು ಬೀಡಿಗಾಗಿ ಕಳುಹಿಸುತ್ತಾರೆಂಬುದು ಅಂಗಡಿಯವನ ಅರಿವಿನಲ್ಲಿದೆ. ಬಿಸಿಯೂಟದ ಅಡುಗೆಯಾಕೆಗೆ ಅವಳು ಎರಡು ದಿನದ ಹಸಿವನ್ನು ಒಂದೇ ತಟ್ಟೆಯಲ್ಲಿ ತೀರಿಸಿಕೊಳ್ಳುವುದು ಕಾಣುತ್ತದೆ. ನೆರೆಮನೆಯ ಮುದುಕಿಗೆ ಗೋಡೆಯಾಚೆಯ ಸದ್ದು ಕೇಳುತ್ತದೆ. ಐವರಲ್ಲಿ ಒಬ್ಬರೂ ಕೆಟ್ಟವರಲ್ಲ. ಒಬ್ಬೊಬ್ಬರ ಕೈಯಲ್ಲಿಯೂ ಒಡೆದ ಕನ್ನಡಿಯ ಒಂದೊಂದು ಚೂರು ಇದೆ. ಚೂರುಗಳನ್ನು ಒಂದೆಡೆ ಇಟ್ಟು ನೋಡುವವರಿಲ್ಲದೆ ಆ ಹುಡುಗಿಯ ಮುಖ ಯಾರಿಗೂ ಪೂರ್ತಿಯಾಗಿ ಕಾಣಲಿಲ್ಲ, ಅಷ್ಟೆ. ಮೇಷ್ಟರು ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಹಾಕಿ ಮುಂದಿನ ಹೆಸರನ್ನು ಕೂಗುತ್ತಾರೆ.

ಇಂಥ ಅನಾಹುತ ಹಿಂದುಳಿದ ಹೋಬಳಿಗಳಲ್ಲಿ ಮಾತ್ರ ನಡೆಯುತ್ತದೆಂದು ಭಾವಿಸುವವರು ಲಂಡನ್ ನಗರದ ಕಡೆಗೊಮ್ಮೆ ನೋಡಬೇಕು. ಆಫ್ರಿಕದ ಐವರಿ ಕೋಸ್ಟಿನಿಂದ ದೊಡ್ಡತ್ತೆಯೊಬ್ಬಳ ಆಶ್ರಯಕ್ಕೆ ಬಂದಿದ್ದ ವಿಕ್ಟೋರಿಯ ಕ್ಲಿಂಬಿ ಎಂಬ ಎಂಟು ವರ್ಷದ ಬಾಲಿಕೆ 2000ದ ಫೆಬ್ರವರಿ 25ರಂದು ಆ ನಗರದ ಆಸ್ಪತ್ರೆಯಲ್ಲಿ ಅಸುನೀಗಿದಳು. ಅವಳ ಮೈಮೇಲೆ 128 ಗಾಯಗಳ ಗುರುತುಗಳಿದ್ದುವು. ಅವಳನ್ನು ಯಾರೂ ಕಂಡಿರಲಿಲ್ಲವೆಂದಲ್ಲ. ಹಲವು ಸ್ಥಳೀಯ ಆಡಳಿತಗಳ ಸಮಾಜಕಲ್ಯಾಣ ಇಲಾಖೆಗಳು, ಪೊಲೀಸರು, ಎರಡು ಆಸ್ಪತ್ರೆಗಳು, ಮಕ್ಕಳ ಹಿತಕ್ಕೆಂದೇ ಇರುವ ಹೆಸರಾಂತ ಸಂಸ್ಥೆ, ಎಲ್ಲರೂ ಅವಳನ್ನು ಬಲ್ಲವರಾಗಿದ್ದರು. ವಿಚಾರಣೆ ನಡೆಸಿದ ಲಾರ್ಡ್ ಲ್ಯಾಮಿಂಗ್ ಅವರು 2003ರ ಜನವರಿಯಲ್ಲಿ ಒಪ್ಪಿಸಿದ ವರದಿಯಲ್ಲಿ, ಮಗುವನ್ನು ಉಳಿಸಿಕೊಳ್ಳಬಹುದಾಗಿದ್ದ ಸಂದರ್ಭಗಳು ಹನ್ನೆರಡಿದ್ದುವೆಂದು ಎಣಿಸಿ ತೋರಿಸಿದರು. ಹನ್ನೆರಡು! ಒಂದು ಕಚೇರಿಯವರು ಇನ್ನೊಂದು ಕಚೇರಿ ನೋಡಿಕೊಳ್ಳುವುದೆಂದು ಸುಮ್ಮನಾದರು; ಆ ಇನ್ನೊಂದು ಕಚೇರಿ ಮೊದಲನೆಯದು ನೋಡಿಕೊಂಡಿರಬೇಕೆಂದು ಕಡತ ಮುಚ್ಚಿತು. ಇಂಗ್ಲೆಂಡಿನಲ್ಲಿ 2004ರ ಮಕ್ಕಳ ಅಧಿನಿಯಮ ಬಂದದ್ದು ಈ ವರದಿಯ ಬೆನ್ನ ಹಿಂದೆಯೇ.

ಇದಕ್ಕಿಂತ ಹಳೆಯ ಕಥೆ ನ್ಯೂಯಾರ್ಕಿನದು. 1874ರಲ್ಲಿ ಮೇರಿ ಎಲೆನ್ ಎಂಬ ಬಾಲಿಕೆಯನ್ನು ಸಾಕುತಾಯಿ ಕತ್ತರಿಯಿಂದಲೂ ಚಾವಟಿಯಿಂದಲೂ ಹಿಂಸಿಸುತ್ತಿದ್ದಳು. ಇದನ್ನು ಕೇಳಿ ತಿಳಿದ ಎಟ್ಟಾ ವೀಲರ್ ಎಂಬ ಸೇವಾಸಕ್ತ ಮಹಿಳೆ ಕಂಡಕಂಡ ಬಾಗಿಲನ್ನೆಲ್ಲ ತಟ್ಟಿದಳು. ಎಲ್ಲಿಯೂ ಬಾಗಿಲು ತೆರೆಯದಿದ್ದಾಗ ಪ್ರಾಣಿದಯಾ ಸಂಘದ ಸ್ಥಾಪಕ ಹೆನ್ರಿ ಬರ್ಗ್ ಎಂಬಾತನ ಬಳಿಗೆ ಹೋದಳು. ಮಗುವೂ ಒಂದು ಪ್ರಾಣಿಯೇ ಎಂದು ವಾದಿಸಿ ಅವಳನ್ನು ಬಿಡಿಸಿದರೆಂಬ ದಂತಕಥೆ ಬಹಳ ದಿನ ಹಬ್ಬಿತ್ತು. ಅದು ನಿಜವಲ್ಲ, ಮಗುವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸುವ ಸಾಮಾನ್ಯ ಆಜ್ಞೆಯ ಮೂಲಕವೇ ವಕೀಲರು ಕೆಲಸ ಸಾಧಿಸಿದರು. ಆದರೆ ದಂತಕಥೆ ಹುಟ್ಟಿಕೊಂಡದ್ದರಲ್ಲಿಯೂ ಅರ್ಥವಿದೆ. ಕುದುರೆಯನ್ನು ಬಡಿದರೆ ದೂರು ಕೊಡಲು ಆ ನಗರದಲ್ಲಿ ಒಂದು ಸಂಘವಿತ್ತು; ಮಗುವನ್ನು ಬಡಿದರೆ ಇರಲಿಲ್ಲ. ಮೇರಿ ಎಲೆನ್ ತೊಂಬತ್ತು ದಾಟಿ ಬದುಕಿ, ತನ್ನ ಮಕ್ಕಳನ್ನು ಬೆಳೆಸಿ, 1956ರಲ್ಲಿ ತೀರಿಕೊಂಡಳು.

ಕೋಲಾರ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ ಅಷ್ಟು ದೂರ ಹೋಗಬೇಕಾದ ಕಾರಣವೇ ಇಲ್ಲ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ವಿದ್ಯಾರ್ಥಿಗಳನ್ನು ಮಲದ ಗುಂಡಿಗೆ ಇಳಿಸಿ ಶುಚಿಮಾಡಿಸಿದ ಚಿತ್ರ ಹೊರಬಿದ್ದು ನಾಡೆಲ್ಲ ತಲ್ಲಣಿಸಿತು. ಪ್ರಾಂಶುಪಾಲರೂ ಸೇರಿದಂತೆ ಸಿಬ್ಬಂದಿಯವರು ಅಮಾನತಿಗೆ ಒಳಗಾದರು, ಪೊಲೀಸ್ ಮೊಕದ್ದಮೆ ದಾಖಲಾಯಿತು, ಬಂಧನಗಳೂ ಆದುವು. ತನಿಖೆಯ ಜಾಡಿನಲ್ಲಿಯೇ ಅದೇ ಶಾಲೆಯ ಅಧ್ಯಾಪಕರೊಬ್ಬರ ಮೊಬೈಲುಗಳಲ್ಲಿ ಹೆಣ್ಣುಮಕ್ಕಳ ಚಿತ್ರಗಳು ರಾಶಿಯಾಗಿದ್ದುವೆಂಬ ಆರೋಪವೂ ಎದ್ದಿತು. ಆ ಮೊಕದ್ದಮೆಯನ್ನು ರದ್ದುಪಡಿಸಲು ಉಚ್ಚ ನ್ಯಾಯಾಲಯ 2024ರಲ್ಲಿ ಒಪ್ಪಲಿಲ್ಲ. ಆರೋಪದ ಸತ್ಯಾಸತ್ಯತೆಯನ್ನು ನ್ಯಾಯಾಲಯವೇ ನಿರ್ಣಯಿಸಬೇಕು. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಆ ಶಾಲೆ ಕಾಡಿನ ನಡುವೆ ಇರಲಿಲ್ಲ. ಅದು ಸರಕಾರದ್ದೇ ಶಾಲೆ. ಅದಕ್ಕೆ ಮೇಲಧಿಕಾರಿಗಳಿದ್ದರು, ತಪಾಸಣೆಯ ನಿಯಮಗಳಿದ್ದುವು. ಹೀಗಿದ್ದೂ ವಿಷಯ ಬಯಲಾದುದು ಯಾವ ತಪಾಸಣೆಯಿಂದಲೂ ಅಲ್ಲ, ಒಂದು ಮೊಬೈಲು ಹಿಡಿದ ದೃಶ್ಯದಿಂದ. ಬಡವರ ಮಕ್ಕಳು, ತಂದೆತಾಯಿಗಳಿಂದ ದೂರ ಇರುವವರು, ಊಟವೂ ಅಂಕಪಟ್ಟಿಯೂ ಒಂದೇ ಕೈಯಿಂದ ಬರಬೇಕಾದವರು ಬಾಯಿಬಿಡುವುದಾದರೂ ಯಾರ ಮುಂದೆ?

ನಮ್ಮ ದೇಶದಲ್ಲಿ ಕಾನೂನಿನ ಕೊರತೆಯಿದೆಯೆಂದು ಹೇಳುವಂತಿಲ್ಲ. ಪೋಕ್ಸೋ ಎಂಬ ಹೆಸರಿನಿಂದ ಎಲ್ಲರಿಗೂ ಪರಿಚಿತವಾದ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಅಧಿನಿಯಮ 2012ರ ನವೆಂಬರ್ 14ರಿಂದ, ಮಕ್ಕಳ ದಿನಾಚರಣೆಯಂದೇ, ಜಾರಿಗೆ ಬಂದಿತು. 2015ರ ಬಾಲನ್ಯಾಯ ಅಧಿನಿಯಮದಂತೆ ಪ್ರತಿ ಜಿಲ್ಲೆಗೂ ಒಂದು ಮಕ್ಕಳ ಕಲ್ಯಾಣ ಸಮಿತಿ ಇರಬೇಕು: ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ಪ್ರತಿ ಠಾಣೆಯಲ್ಲಿಯೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೆಂದು ಒಬ್ಬರನ್ನು ಗೊತ್ತುಮಾಡಿರಬೇಕು. ಆದ್ದರಿಂದ ರಾಯಲ್ಪಾಡಿನ ಠಾಣೆಗೆ ಬಂದ ದೂರು ಅಲ್ಲಿಯೇ ಕುಳಿತಿರುವಂತಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಕೋಲಾರದ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಯಬೇಕು. ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಇಚ್ಛಿಸಿದ ಸ್ಥಳದಲ್ಲಿ, ಸಾಧ್ಯವಾದ ಮಟ್ಟಿಗೂ ಮಹಿಳಾ ಅಧಿಕಾರಿಯೇ, ಖಾಕಿ ತೊಡದೆ ಬರೆದುಕೊಳ್ಳಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳಕೂಡದು. ಹೆಣ್ಣುಮಗುವನ್ನು ಪರೀಕ್ಷಿಸುವವರು ವೈದ್ಯೆಯೇ ಆಗಿರಬೇಕು. ನ್ಯಾಯಾಲಯದಲ್ಲಿ ಮಗು ಆಪಾದಿತನ ಮುಖ ನೋಡುವಂತಾಗಬಾರದು. ವಿಚಾರಣೆ ಸಾಧ್ಯವಾದರೆ ಒಂದು ವರ್ಷದೊಳಗೆ ಮುಗಿಯಬೇಕು. ಎಲ್ಲವೂ ಅಚ್ಚಾದ ಅಕ್ಷರದಲ್ಲಿ ಬಹು ಅಂದವಾಗಿದೆ.

ಆದರೆ ಅಕ್ಷರಕ್ಕೂ ಆಚರಣೆಗೂ ನಡುವೆ ಒಂದು ಬಸ್ ಪ್ರಯಾಣವಿದೆ. ಠಾಣೆ ರಾಯಲ್ಪಾಡಿನಲ್ಲಿ, ತಾಲ್ಲೂಕಿನ ಕಚೇರಿಗಳು ಶ್ರೀನಿವಾಸಪುರದಲ್ಲಿ, ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಎಸ್. ಎನ್. ಆರ್. ಜಿಲ್ಲಾಸ್ಪತ್ರೆ, ವಿಶೇಷ ನ್ಯಾಯಾಲಯ ಇವೆಲ್ಲ ಕೋಲಾರದಲ್ಲಿ. ಕೂಲಿ ಬಿಟ್ಟು ಒಂದು ದಿನ ಬರಬಹುದು, ಎರಡು ದಿನ ಬರಬಹುದು. ಐದನೆಯ ಸಲ ಬರಲು ತಾಯಿಯಾದವಳಿಗೆ ಸಾಲವೇ ಗತಿ. ಅಷ್ಟರಲ್ಲಿ ಊರಿನ ಹಿರಿಯರು, ಹುಡುಗಿಯ ಹೆಸರು ಕೆಡುತ್ತದೆ, ಕೊಟ್ಟಷ್ಟು ತೆಗೆದುಕೊಂಡು ಸುಮ್ಮನಾಗಿರೆಂದು ಬುದ್ಧಿಹೇಳಲು ಬರುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳ ಹಾಗೂ ಕಾನೂನು ಕೇಂದ್ರದವರು ಕರ್ನಾಟಕದ ವಿಶೇಷ ನ್ಯಾಯಾಲಯಗಳನ್ನು ಕುರಿತು 2017ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದವರಿಗೆ, ಮಕ್ಕಳು ಸಾಕ್ಷಿಕಟ್ಟೆಯಲ್ಲಿ ತಮ್ಮ ಮೊದಲ ಮಾತಿನಿಂದ ಹಿಂದೆ ಸರಿಯುವುದು ಎಷ್ಟು ಸಾಮಾನ್ಯವೆಂಬುದು ಮನವರಿಕೆಯಾಗುತ್ತದೆ. ಮಗು ಸುಳ್ಳು ಹೇಳಿತೆಂದು ಮೂಗುಮುರಿಯುವವರಿಗೆ ಈ ಬಸ್ಸಿನ ಲೆಕ್ಕ ಗೊತ್ತಿಲ್ಲ.

ಮಗು ತನ್ನ ಮಾತನ್ನು ಎಷ್ಟು ಸಲ ಹೇಳಬೇಕೆಂಬುದನ್ನೂ ಎಣಿಸಿ ನೋಡಬೇಕು. ತಾಯಿಗೆ ಒಮ್ಮೆ, ಟೀಚರಿಗೆ ಒಮ್ಮೆ, ಠಾಣೆಯ ಅಧಿಕಾರಿಗೆ ಒಮ್ಮೆ, ವೈದ್ಯೆಗೆ ಒಮ್ಮೆ, ಕಲ್ಯಾಣ ಸಮಿತಿಗೆ ಒಮ್ಮೆ, ಮ್ಯಾಜಿಸ್ಟ್ರೇಟರಿಗೆ ಒಮ್ಮೆ, ಕೊನೆಗೆ ವಿಶೇಷ ನ್ಯಾಯಾಲಯಕ್ಕೆ. ದೊಡ್ಡವರು ತಮ್ಮ ಕಾಲುನೋವಿನ ಕಥೆಯನ್ನು ಏಳು ಜನ ವೈದ್ಯರ ಮುಂದೆ ಹೇಳಬೇಕಾದರೆ ಸಿಟ್ಟಾಗುತ್ತಾರೆ. ಹತ್ತು ವರ್ಷದ ಮಗು ತನ್ನ ಅವಮಾನವನ್ನು ಏಳು ಸಲ ಹೇಳಬೇಕು. ಪ್ರತಿ ಸಲವೂ ಒಂದೇ ರೀತಿ ಹೇಳದಿದ್ದರೆ ಎದುರು ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ.

ಈ ಕ್ರೌರ್ಯವನ್ನು ಮೊದಲು ಗಂಭೀರವಾಗಿ ಕಂಡವರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್ ಪಟ್ಟಣದ ಸರಕಾರಿ ವಕೀಲ ರಾಬರ್ಟ್ ಕ್ರೇಮರ್ ಒಬ್ಬರು. ಮಗುವನ್ನು ಕಚೇರಿಯಿಂದ ಕಚೇರಿಗೆ ಅಲೆಸುವ ಬದಲು ಕಚೇರಿಗಳೇ ಮಗುವಿನ ಬಳಿಗೆ ಬರಲಿ ಎಂಬುದು ಅವರ ಯೋಚನೆ. 1985ರಲ್ಲಿ ಅಲ್ಲಿ ಒಂದು ಸಾಧಾರಣ ಮನೆಯಲ್ಲಿ ಪೊಲೀಸರು, ವೈದ್ಯರು, ಸಮಾಜ ಕಾರ್ಯಕರ್ತರು, ವಕೀಲರು ಒಟ್ಟುಗೂಡಿ ಕೆಲಸಮಾಡುವ ಏರ್ಪಾಡಾಯಿತು. ಐಸ್‌ಲ್ಯಾಂಡ್ ದೇಶದವರು ಅದನ್ನೇ ತಮ್ಮ ರೀತಿಯಲ್ಲಿ ಬೆಳೆಸಿ 1998ರಲ್ಲಿ ‘ಮಕ್ಕಳ ಮನೆ’ಯನ್ನು ತೆರೆದರು, ಅಲ್ಲಿ ತರಬೇತಿ ಪಡೆದ ಒಬ್ಬರು ಮಾತ್ರ ಮಗುವಿನೊಡನೆ ಮಾತನಾಡುತ್ತಾರೆ, ಉಳಿದವರು ಪಕ್ಕದ ಕೋಣೆಯಲ್ಲಿ ಕುಳಿತು ಕೇಳುತ್ತಾರೆ. ಬೆಂಗಳೂರಿನಲ್ಲಿಯೂ 2010ರ ದಶಕದಲ್ಲಿ ಎನ್‌ಫೋಲ್ಡ್ ಸಂಸ್ಥೆಯವರು ಬ್ಯಾಪ್ಟಿಸ್ಟ್ ಆಸ್ಪತ್ರೆಯೊಂದಿಗೆ ಕೂಡಿ, ವೈದ್ಯರು, ಆಪ್ತಸಲಹೆಗಾರರು, ಕಾನೂನು ತಿಳಿದವರು, ಪೊಲೀಸರು ಒಂದೇ ಸೂರಿನಡಿ ಮಗುವಿಗೆ ನೆರವಾಗುವ ಘಟಕವೊಂದನ್ನು ನಡೆಸಿ ತೋರಿಸಿದರು. ಮಾಡಲು ಸಾಧ್ಯವೆಂಬುದಕ್ಕೆ ಸಾಕ್ಷಿ ಹೀಗೆ ಕೈಯಳತೆಯಲ್ಲಿಯೇ ಇದೆ. ಹೋಬಳಿಗೊಂದು ಇಂಥ ಮನೆ ಕಟ್ಟುವುದು ಆಗದ ಮಾತಿರಬಹುದು. ಆದರೆ 2020ರ ಪೋಕ್ಸೋ ನಿಯಮಗಳಲ್ಲಿ ಹೇಳಿರುವ ‘ಬೆಂಬಲ ವ್ಯಕ್ತಿ’ಯನ್ನು ನೇಮಿಸುವುದಕ್ಕೆ ಕಟ್ಟಡ ಬೇಕಿಲ್ಲ. ಠಾಣೆಯಿಂದ ತೀರ್ಪಿನ ದಿನದವರೆಗೆ ಮಗುವಿನ ಜೊತೆ ಬಸ್ಸು ಹತ್ತಿಳಿಯುವ, ಮುಂದಿನ ತಾರೀಖು ಯಾವುದು, ಪರಿಹಾರದ ಅರ್ಜಿ ಎಲ್ಲಿದೆ ಎಂದು ತಿಳಿಸುವ, ರಾಯಲ್ಪಾಡಿನ ಮಟ್ಟಿಗೆ ತೆಲುಗೂ ಬಲ್ಲ ಒಬ್ಬ ಮನುಷ್ಯ ಅಷ್ಟೆ. ಸಮಿತಿ ಬರೆದುಕೊಡುವ ಒಂದು ಆದೇಶದಿಂದ ಆಗುವ ಕೆಲಸವಿದು. ಮೇಲೆ ಹೇಳಿದ ಎಲ್ಲ ಉಪಾಯಗಳಿಗಿಂತ ಇದರ ಬೆಲೆಯೇ ಹೆಚ್ಚು.

ಗಡಿಯ ತೊಡಕು ಇನ್ನೊಂದು ಬಗೆಯದು, ಅದಕ್ಕೆ ಇತಿಹಾಸವೂ ಉಂಟು. ಮೈಸೂರು ಸಂಸ್ಥಾನ 1894ರಷ್ಟು ಹಿಂದೆಯೇ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನು ನಿಷೇಧಿಸಿತು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಬಾಲೆಯನ್ನು ಕಟ್ಟಿಕೊಳ್ಳುವುದನ್ನೂ ತಡೆಯಿತು. ಗಡಿಯಾಚೆ ಮದರಾಸು ಪ್ರಾಂತದಲ್ಲಿ ಶಾರದಾ ಕಾಯಿದೆ 1930ರ ಏಪ್ರಿಲಿನಲ್ಲಿ ಜಾರಿಗೆ ಬರುವವರೆಗೆ ಅಂಥ ನಿಷೇಧವಿರಲಿಲ್ಲ. ಇಂದೂ ಅದೇ ವಿಚಿತ್ರ ಬೇರೊಂದು ರೂಪದಲ್ಲಿ ಉಳಿದಿದೆ. 2006ರ ಕೇಂದ್ರ ಅಧಿನಿಯಮದಂತೆ ಬಾಲ್ಯವಿವಾಹ ಶಿಕ್ಷಾರ್ಹವಾದರೂ, ಮಗು ನ್ಯಾಯಾಲಯಕ್ಕೆ ಹೋಗಿ ರದ್ದುಪಡಿಸಿಕೊಳ್ಳುವವರೆಗೆ ಸಾಮಾನ್ಯವಾಗಿ ಮದುವೆ ನಿಂತೇ ಇರುತ್ತದೆ. ಕರ್ನಾಟಕ ಮಾತ್ರ ತಿದ್ದುಪಡಿ ತಂದು 2017ರಿಂದ ಅಂಥ ಮದುವೆಯನ್ನು ಮೊದಲಿನಿಂದಲೇ ಅಸಿಂಧುವೆಂದು ಸಾರಿತು. ಆ ವರ್ಷದ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಮೆಚ್ಚಿ, ಹದಿನೆಂಟು ತುಂಬದ ಹೆಂಡತಿಯೊಡನೆ ಕೂಡುವುದೂ ಅತ್ಯಾಚಾರವೇ ಎಂದು ತೀರ್ಪಿತ್ತಿತು. ಆದರೆ ಮಗಳನ್ನು ಸೋದರಮಾವನಿಗೇ ಕೊಡುವುದೆಂದು ತೊಟ್ಟಿಲಲ್ಲಿಯೇ ಮಾತಾಗುವ ಸೀಮೆಯಲ್ಲಿ, ಇಲ್ಲಿ ಅಡ್ಡಿಯಾದರೆ ಅಲ್ಲಿಯ ಗುಡಿಯೊಂದರಲ್ಲಿ ತಾಳಿ ಕಟ್ಟಿಸಿಕೊಂಡು ಬರುವುದಕ್ಕೆ ಎಷ್ಟು ಹೊತ್ತು? ಆಗ ಒಂದು ರಾಜ್ಯದ ಅಧಿಕಾರಿ ಇನ್ನೊಂದು ರಾಜ್ಯದ ಅಧಿಕಾರಿಗೆ ದೂರವಾಣಿಯಲ್ಲಿ ಮಾತನಾಡಬೇಕು. ಅಪರಾಧ ಎಲ್ಲಿಯೇ ನಡೆದಿರಲಿ, ದೂರನ್ನು ಮೊದಲು ಬರೆದುಕೊಂಡು ಅನಂತರ ತಕ್ಕ ಠಾಣೆಗೆ ಕಳುಹಿಸಬೇಕೆಂಬ ಕಟ್ಟಳೆ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಸ್ಪಷ್ಟವಾಗಿ ಸೇರಿದೆ. ಇದು ನಮ್ಮ ಎಲ್ಲೆಯಲ್ಲ ಎಂದು ಬಾಗಿಲಿನಿಂದಲೇ ಹಿಂದಿರುಗಿಸಲು ಠಾಣೆಗೆ ಈಗ ಅವಕಾಶವಿಲ್ಲ.

ಕಣ್ಣಿಗೆ ಬೀಳದ ಮಕ್ಕಳಲ್ಲಿಯೂ ಇನ್ನಷ್ಟು ಕಣ್ಮರೆಯಾದವರಿದ್ದಾರೆ. ಗಂಡುಮಕ್ಕಳು ಅವರಲ್ಲಿ ಮೊದಲಿಗರು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹದಿಮೂರು ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಯಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳಕ್ಕೆ ಗುರಿಯಾಗಿದ್ದುದಾಗಿ ಹೇಳಿದರು, ಹಾಗೆ ಹೇಳಿದವರಲ್ಲಿ ಹುಡುಗರೇ ತುಸು ಹೆಚ್ಚು. (ಆ ಹದಿಮೂರರಲ್ಲಿ ಗಡಿಯಾಚೆಯ ಆಂಧ್ರವಿತ್ತು, ಕರ್ನಾಟಕವಿರಲಿಲ್ಲ.) ಗಂಡುಹುಡುಗನಿಗೇನಾಗುತ್ತದೆ ಎನ್ನುವ ಮನೆಗಳು ಆ ಅಂಕಿಯನ್ನು ಎರಡು ಸಲ ಓದಬೇಕು. ಮಾತು ಬಾರದ, ಬುದ್ಧಿ ಬಲಿಯದ ಮಕ್ಕಳ ಸಾಕ್ಷ್ಯವನ್ನು ಕೇಳಲು ವಿಶೇಷ ಶಿಕ್ಷಕರ ನೆರವು ಪಡೆಯಬಹುದೆಂದು ಕಾಯಿದೆಯಲ್ಲಿಯೇ ಇದೆ. ಅದನ್ನು ಕೇಳಿ ಪಡೆಯುವವರು ವಿರಳ. ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಹೊರಗಿನಿಂದ ಬರುವ ಕೂಲಿಗಳ ಮಕ್ಕಳಂತೂ ಯಾವ ಶಾಲೆಯ ಹಾಜರಿಯಲ್ಲಿಯೂ ಇರದೆ, ಯಾರ ಲೆಕ್ಕಕ್ಕೂ ಸೇರದೆ ಒಂದು ಋತುವನ್ನು ಕಳೆದು ಹೋಗಿಬಿಡಬಹುದು.

ಇಷ್ಟನ್ನು ಓದಿ, ಇದು ಹಳ್ಳಿಗಾಡಿನ ಗೋಳೆಂದು ಪುಟ ತಿರುಗಿಸುವವರಿಗೆ ಮತ್ತೊಂದು ಮಾತು. ಕೋಲಾರ ಜಿಲ್ಲೆಯಂಥ ಸೀಮೆಗಳಿಂದ ಬೆಂಗಳೂರಿಗೆ ಬರುವುದು ಮಾವು, ಟೊಮೇಟೊ, ಹಾಲು ಮಾತ್ರವಲ್ಲ. ‘ಮಗುವನ್ನು ಆಡಿಸಲು ಊರಿನಿಂದ ಕರೆತಂದ ಹುಡುಗಿ’ಯೂ ಬರುತ್ತಾಳೆ. ಆಕೆಗೆ ಹೊಟ್ಟೆತುಂಬ ಊಟ, ಹಬ್ಬಕ್ಕೆ ಬಟ್ಟೆ, ಮನೆಮಗಳ ಹಾಗೆ ನೋಡಿಕೊಳ್ಳುತ್ತೇವೆ ಎಂಬ ಮಾತು ಪ್ರತಿಷ್ಠಿತ ಬಡಾವಣೆಗಳಲ್ಲಿ ಕೇಳಿಬರುವಂಥದೇ. ಮನೆಮಗಳು ಬೆಳಗ್ಗೆ ಶಾಲೆಗೆ ಹೋಗುತ್ತಾಳೆ. ಈಕೆ ಅವಳ ಷೂಸಿಗೆ ಪಾಲಿಷ್ ಹಾಕುತ್ತಾಳೆ. ಹದಿನಾಲ್ಕು ತುಂಬದ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. 2016ರ ತಿದ್ದುಪಡಿಯಿಂದ ಎಲ್ಲ ಉದ್ಯೋಗಗಳಿಗೂ, ಮನೆಯವರ ಕಸುಬಿಗೆ ಶಾಲೆಯ ಬಿಡುವಿನಲ್ಲಿ ಕೈಗೂಡಿಸುವಂಥ ಒಂದೆರಡು ಸಂದರ್ಭಗಳ ಹೊರತು, ಈ ನಿಷೇಧ ಹಬ್ಬಿತು. ಮುಚ್ಚಿದ ಬಾಗಿಲಿನ ಹಿಂದಿರುವ ಈ ಮಗುವನ್ನು ಯಾವ ಅಂಗನವಾಡಿಯೂ ಎಣಿಸುವುದಿಲ್ಲ, ಯಾವ ಮೇಷ್ಟರೂ ಹೆಸರು ಹಿಡಿದು ಕೂಗುವುದಿಲ್ಲ. ಅವಳನ್ನು ಬಲ್ಲವರು ಎದುರುಮನೆಯವರು, ಹಾಲಿನವನು, ಕಾವಲುಗಾರ, ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಅವಳ ಕೆನ್ನೆಯ ಬರೆಯನ್ನು ಕಂಡ ಗೃಹಿಣಿ.

ಕಂಡವರು ಮಾಡಬೇಕಾದುದು ದೊಡ್ಡದೇನಲ್ಲ. 1098 ಎಂಬ ಸಂಖ್ಯೆಗೆ ಯಾವ ದೂರವಾಣಿಯಿಂದಲೂ ಕಾಸಿಲ್ಲದೆ, ಹಗಲಿರುಳು ಎನ್ನದೆ ಕರೆಮಾಡಬಹುದು. 1996ರಲ್ಲಿ ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ, ಬೀದಿಯ ಮಕ್ಕಳಿಗಾಗಿ ಹುಟ್ಟಿದ ಈ ಸಹಾಯವಾಣಿಯನ್ನು 2023ರಿಂದ ಸರಕಾರವೇ ವಹಿಸಿಕೊಂಡು, 112 ಎಂಬ ತುರ್ತು ಸಂಖ್ಯೆಯೊಡನೆ ಜೋಡಿಸುತ್ತ ಬಂದಿದೆ. ಕರೆಮಾಡಿದವರು ಸಾಕ್ಷ್ಯ ಒದಗಿಸಬೇಕಾಗಿಲ್ಲ. ಅನುಮಾನ ಸಾಕು, ಪರಿಶೀಲಿಸುವುದು ಅಧಿಕಾರಿಗಳ ಹೊಣೆ. ಪೋಕ್ಸೋ ಕಾಯಿದೆಯ 19ನೆಯ ಪ್ರಕರಣದಂತೆ ಸದ್ಭಾವನೆಯಿಂದ ಮಾಹಿತಿಯಿತ್ತವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲದು. ಹಾಗಲ್ಲದೆ ತಿಳಿದೂ ಬಾಯಿಮುಚ್ಚಿಕೊಂಡವರಿಗೆ 21ನೆಯ ಪ್ರಕರಣ ಆರು ತಿಂಗಳವರೆಗೆ ಸೆರೆವಾಸವನ್ನು ಹೇಳುತ್ತದೆ. ಸಂಸ್ಥೆಯ ಮುಖ್ಯಸ್ಥರಿಗೆ ತಮ್ಮ ಕೈಕೆಳಗಿನವರ ವಿಚಾರದಲ್ಲಿ ಒಂದು ವರ್ಷ. ಇದು ಮೇಷ್ಟರಿಗೂ ವೈದ್ಯರಿಗೂ ಮಾತ್ರವಲ್ಲ, ಎದುರುಮನೆಯವರಿಗೂ ಅನ್ವಯಿಸುವ ಮಾತು.

ಇನ್ನು ಮಕ್ಕಳಿಗೇ ಬಾಯಿ ಕೊಡುವ ಒಂದು ಪದ್ಧತಿ ಕರ್ನಾಟಕದಲ್ಲಿ 2006ರಿಂದ ನಡೆದುಬಂದಿದೆ. ಕುಂದಾಪುರ ತಾಲ್ಲೂಕಿನ ಕಡೆ ದುಡಿಯುವ ಮಕ್ಕಳು ತಾವೇ ಕಟ್ಟಿಕೊಂಡಿದ್ದ ಪಂಚಾಯಿತಿಗಳ ಅನುಭವದಿಂದ ಸ್ಫೂರ್ತಿ ಪಡೆದ ಮಕ್ಕಳ ಗ್ರಾಮಸಭೆ ಅದು. ವರ್ಷಕ್ಕೊಮ್ಮೆ, ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಸೇರಬೇಕೆಂದು ಆಜ್ಞೆಯಿದೆ. ಅಲ್ಲಿ ಮಕ್ಕಳು ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಶಾಲೆಯ ದಾರಿಯಲ್ಲಿ ಸಾರಾಯಿ ಮಾರುತ್ತಾರೆ, ಸಂಜೆಯ ಬಸ್ಸು ಬರುವುದಿಲ್ಲ ಎಂದು ಹೇಳುತ್ತಾರೆ. ಪಂಚಾಯಿತಿಯ ಅಧಿಕಾರಿ, ಮುಖ್ಯೋಪಾಧ್ಯಾಯರು, ಅಂಗನವಾಡಿಯಾಕೆ, ಆರೋಗ್ಯ ಕಾರ್ಯಕರ್ತೆ, ಠಾಣೆಯ ಪ್ರತಿನಿಧಿ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳಬೇಕಾದ ಅಪರೂಪದ ದಿನ ಅದು. ಕೆಲವೆಡೆ ಆ ದಿನ ಭಾಷಣ, ಹಾರ, ಬಿಸ್ಕತ್ತಿನಲ್ಲಿಯೇ ಮುಗಿದುಹೋಗುತ್ತದೆ. ಮಕ್ಕಳನ್ನು ನಿಜವಾಗಿ ಮಾತನಾಡಲು ಬಿಟ್ಟ ಕಡೆ, ಸಭೆ ಮುಗಿದ ಮೇಲೆ ಹುಡುಗಿಯೊಬ್ಬಳು ಹಿಂದೆ ಉಳಿದು, ಕೈಯಲ್ಲಿ ಮಡಚಿಟ್ಟುಕೊಂಡ ಚೀಟಿಯನ್ನು ಟೀಚರ ಕೈಗಿತ್ತು ಓಡಿಹೋಗುವುದುಂಟು. ಆ ಚೀಟಿ ಅದೇ ಸಂಜೆ ಕೋಲಾರವನ್ನು ತಲುಪಬೇಕು.